ಯಾರ ಋಣದಲ್ಲಿದ್ದೇವೆ?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಹೋತ್ಸವ ಸಮಿತಿಯವರು ನನಗೆ ಕೊಟ್ಟಿರುವ ವಿಷಯ, ‘ದಿನನಿತ್ಯದ ಬದುಕಿನಲ್ಲಿ ನಾವು ಕೃತಜ್ಞರಾಗಿರಬೇಕಾದ ಸಂಗತಿಗಳು’. ವಿಷಯ ದೊಡ್ಡದು. ನಾನು ಭಾಷಣ ಮಾಡಿ ಅಭ್ಯಾಸ ಇರುವವಳಲ್ಲ. ಈ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ, ತರಬೇತಿ ಪಡೆದು, ಆರೋಗ್ಯ ಸಹಾಯಕಿಯಾಗಿ ಹಳ್ಳಿ ಹಳ್ಳಿ ತಿರುಗಿ ನಿವೃತ್ತಳಾದವಳು. ನಿಮ್ಮಲ್ಲಿ ಬಹಳ ಜನಕ್ಕೆ ನಾನು ಸೂಜಿ ಚುಚ್ಚುವ ನರ್ಸಮ್ಮ. ಮನೆ ಮನೆಗೆ ಹೋಗಿ ವಿಚಾರಿಸುವುದು ನನಗೆ ಬರುವ ಕೆಲಸ. ಅದಕ್ಕೇ ಹೋದ ವಾರ ಊರೊಳಗೆ ಒಂದು ಸುತ್ತು ಹಾಕಿ, ಸಿಕ್ಕಿದವರನ್ನೆಲ್ಲ ಒಂದೇ ಪ್ರಶ್ನೆ ಕೇಳಿದೆ. ‘ನಿಮ್ಮ ಕಾಲದಲ್ಲಿ ಯಾವುದು ಬಂದದ್ದು ದೊಡ್ಡ ಉಪಕಾರ ಅನ್ನಿಸುತ್ತದೆ?’ ಅವರು ಕೊಟ್ಟ ಉತ್ತರಗಳನ್ನೇ ನಿಮ್ಮ ಮುಂದೆ ಇಡುತ್ತೇನೆ.

ಎಂಬತ್ತು ದಾಟಿದ ಒಬ್ಬ ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಕೇಳಿದ್ದೇ ತಡ, ‘ಹಿಟ್ಟಿನ ಮಿಲ್ಲು ಕಣವ್ವ’ ಅಂದರು. ಅವರು ಮದುವೆಯಾಗಿ ಬಂದಾಗ ಮನೆಯಲ್ಲಿ ಹದಿನಾಲ್ಕು ಜನ. ಎರಡು ಹೊತ್ತೂ ಮುದ್ದೆ. ಕೋಳಿ ಕೂಗುವ ಮುಂಚೆ ಎದ್ದು ಬೀಸುವ ಕಲ್ಲಿನ ಮುಂದೆ ಕೂತರೆ ಬೆಳಕು ಹರಿಯುವವರೆಗೆ ರಟ್ಟೆಗೆ ಬಿಡುವಿಲ್ಲ. ಬಸುರಿಯಾದರೂ ಬೀಸಬೇಕು, ಬಾಣಂತನ ಮುಗಿಸಿ ಎದ್ದರೂ ಬೀಸಬೇಕು. ‘ಬೀಸೋ ಪದ ಎಷ್ಟು ಚೆಂದ ಅಂತ ಓದಿದೋರು ಬಂದು ಬರಕೊಂಡು ಹೋದ್ರು. ಪದ ಚೆಂದವೇ. ಕಲ್ಲು ತಿರುಗಿಸಿದ್ದು ನಾವಲ್ವ?’ ಅಂದರು. ಮಿಲ್ಲು ಬಂದ ಮೇಲೆ ರಾಗಿ ಚೀಲ ಹೊತ್ತುಕೊಂಡು ಹೋಗಿ ಸರದಿಯಲ್ಲಿ ನಿಂತದ್ದೇ ಅವರಿಗೆ ಒಂದು ವಿಶ್ರಾಂತಿಯಂತೆ. ಬೆಳಗಿನ ಜಾವದ ನಿದ್ದೆ ಅಂದರೆ ಏನು ಅಂತ ಗೊತ್ತಾದದ್ದು ಆಮೇಲೇ ಅಂತೆ.

ಆ ಮಿಲ್ಲು ತಿರುಗಿದ್ದು ಕರೆಂಟಿನಿಂದ. ನಮ್ಮ ಸೀಮೆಗೆ ಕರೆಂಟಿನ ಕಥೆ ಶುರುವಾಗುವುದು ಕಾವೇರಿಯ ಶಿವನಸಮುದ್ರದಲ್ಲಿ. 1902ರಲ್ಲಿ ಅಲ್ಲಿ ಜಲವಿದ್ಯುತ್ ಕೇಂದ್ರ ಆರಂಭವಾಯಿತು. ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಯೋಜನೆ ಅದು. ಕೆಲಸ ಮುಗಿದದ್ದನ್ನು ನೋಡಲು ಅವರೇ ಉಳಿಯಲಿಲ್ಲ. ಆ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಚಿನ್ನದ ಗಣಿ ಮತ್ತು ರಾಜಧಾನಿಯ ಬೀದಿ ದಾಟಿ ನಮ್ಮಂಥ ಹಳ್ಳಿಗಳ ಅಡುಗೆಮನೆಗೆ ಬರಲು ಅದಕ್ಕೆ ಎಷ್ಟೋ ದಶಕ ಹಿಡಿಯಿತು. ಬಡವರ ಮನೆಗೆ ಬಂದದ್ದು ಇನ್ನೂ ತಡವಾಗಿ, ಭಾಗ್ಯಜ್ಯೋತಿಯ ಒಂದೇ ಒಂದು ಬಲ್ಬಿನ ರೂಪದಲ್ಲಿ. ಆ ಒಂದು ಬಲ್ಬಿನ ಕೆಳಗೆ ಓದಿ ಎಸ್ಸೆಸ್ಸೆಲ್ಸಿ ಪಾಸಾದವರು ಈ ಚಪ್ಪರದಲ್ಲಿ ಎಷ್ಟು ಜನ ಇದ್ದೀರಿ ಅಂತ ನಿಮಗೇ ಗೊತ್ತು. ಗಾಳಿ ಮಳೆಯ ರಾತ್ರಿ ತಂತಿ ಹರಿದು ಬಿದ್ದರೆ ಟಾರ್ಚು ಹಿಡಿದು ಕಂಬ ಹತ್ತುವ ಲೈನ್‌ಮನ್ ಇದ್ದಾನಲ್ಲ, ನಾವು ಅವನಿಗೆ ಫೋನು ಮಾಡುವುದು ಬೈಯುವುದಕ್ಕೆ ಮಾತ್ರ. ಕರೆಂಟು ಬಂದ ಮೇಲೆ ಇನ್ನೊಂದು ಫೋನು ಮಾಡಿ ‘ಬಂತಪ್ಪ, ನೀನು ಮನೆಗೆ ಹೋಗಿ ಉಣ್ಣು’ ಅಂದವರನ್ನು ನಾನು ಕಂಡಿಲ್ಲ.

ಅರಳಿಕಟ್ಟೆಯ ಮೇಲಿದ್ದ ಹಿರಿಯರನ್ನು ಕೇಳಿದಾಗ ಎಲ್ಲರದೂ ಒಂದೇ ಉತ್ತರ, ನೀರು. ಅವರಲ್ಲೊಬ್ಬರು ‘ನೀರ್ ಸಾಬ್ರನ್ನ ಮರೆಯಂಗಿಲ್ಲ ಕಣಮ್ಮ’ ಅಂದರು. ಮಕ್ಕಳಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ. ಅಬ್ದುಲ್ ನಜೀರ್ ಸಾಬ್ ಎಂದು ಅವರ ಹೆಸರು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂದಾಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿಯಾದವರು. ಬರಗಾಲದ ಹೊತ್ತು. ಹಳ್ಳಿ ಹಳ್ಳಿಗೆ ಕೊಳವೆ ಬಾವಿ ಕೊರೆಸಿ ಕೈಪಂಪು ಹಾಕಿಸಿದರು. ಜನ ಅವರ ಹೆಸರನ್ನೇ ಬದಲಿಸಿ ‘ನೀರ್ ಸಾಬ್’ ಎಂದು ಕರೆದರು. ನಮ್ಮ ಊರುಗಳಲ್ಲಿ ಇವತ್ತಿಗೂ ‘ಬೋರಿಂಗ್’ ಅಂತ ಕರೆಯುವುದು ಆ ಕೈಪಂಪನ್ನೇ. 1988ರಲ್ಲಿ ಅವರು ತೀರಿಕೊಂಡರು. ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ಮೈಸೂರಿನ ಸಂಸ್ಥೆಗೆ ಈಗ ಅವರ ಹೆಸರಿದೆ.

ಅದಕ್ಕೆ ಮುಂಚೆ ನೀರು ಅಂದರೆ ಕೆರೆ, ಕಟ್ಟೆ, ಸೇದುವ ಬಾವಿ. ದನ ಮೈತೊಳೆದ ನೀರನ್ನೇ ಬಟ್ಟೆಯಲ್ಲಿ ಸೋಸಿ ಕುಡಿದವರು ಇಲ್ಲಿದ್ದಾರೆ. ರಾಯಚೂರು, ವಿಜಯಪುರದ ಕಡೆ ಇನ್ನೂ ಕಷ್ಟ. ಅಲ್ಲಿ ಮೆಟ್ಟಿಲ ಬಾವಿಯ ನೀರು ಕುಡಿದವರಿಗೆ ನಾರುಹುಣ್ಣು ಬರುತ್ತಿತ್ತು. ನೀರಿನ ಜೊತೆ ಹೊಟ್ಟೆ ಸೇರಿದ ಹುಳು ಸುಮಾರು ಒಂದು ವರ್ಷದ ಮೇಲೆ ಕಾಲಿನಿಂದ ಹೊರಬರುತ್ತಿತ್ತು, ದಾರದ ಹಾಗೆ, ಒಂದು ಮೀಟರಿನಷ್ಟು ಉದ್ದ. ಅದನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯಬೇಕಿತ್ತು. ಹೊಲದ ಕೆಲಸದ ಹಂಗಾಮಿನಲ್ಲೇ ಮನೆಯ ದುಡಿಯುವ ಆಳು ಕಾಲು ಚಾಚಿ ಮಲಗುತ್ತಿದ್ದ. ಅದಕ್ಕೆ ಲಸಿಕೆ ಇರಲಿಲ್ಲ, ಔಷಧಿಯೂ ಇರಲಿಲ್ಲ. ಮೆಟ್ಟಿಲ ಬಾವಿಗೆ ಕಟ್ಟೆ ಕಟ್ಟಿ ಸೇದುವ ಬಾವಿ ಮಾಡಿದ್ದರಿಂದ, ಕೈಪಂಪು ಹಾಕಿಸಿದ್ದರಿಂದ, ನೀರು ಸೋಸಿ ಕುಡಿಯಿರಿ ಎಂದು ಮನೆ ಮನೆಗೆ ಹೇಳಿದ್ದರಿಂದ ಅದು ಹೋಯಿತು. ದೇಶದಲ್ಲಿ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ. 2000ದಲ್ಲಿ ಭಾರತ ಅದರಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಒಳ್ಳೆಯ ನೀರಿಗೆ ನಾವು ಯಾಕೆ ಋಣಿಗಳು ಅನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಈಗ ಮನೆ ಬಾಗಿಲಿಗೇ ನಲ್ಲಿ ಬಂದಿದೆ. ಬೆಳಿಗ್ಗೆ ಐದಕ್ಕೆ ಎದ್ದು ವಾಲ್ವ್ ತಿರುಗಿಸುವ ನೀರುಗಂಟಿ ಒಂದು ದಿನ ಜ್ವರ ಬಂದು ಮಲಗಿದರೆ ಊರಿಗೆ ಊರೇ ಕೊಡ ಹಿಡಿದು ಬೀದಿಗೆ ಬರುತ್ತದೆ. ಅವನ ಸಂಬಳ ತಿಂಗಳು ತಿಂಗಳು ಸರಿಯಾಗಿ ಬರುತ್ತಿದೆಯೇ ಎಂದು ಕೇಳಿದವರು ಕಡಿಮೆ. ನೀರಿನ ಕಂದಾಯ ಬಾಕಿ ಉಳಿಸಿಕೊಂಡವರು ಮಾತ್ರ ಬಹಳ. ಇನ್ನೊಂದು ಮಾತೂ ಇದೆ. ನೀರ್ ಸಾಬ್ ಕಾಲದಲ್ಲಿ ಕೈಪಂಪಿಗೆ ಎಟುಕುತ್ತಿದ್ದ ನೀರು ಈಗ ಎಷ್ಟು ಆಳಕ್ಕೆ ಹೋಗಿದೆ ಅಂತ ಬೋರ್ ಕೊರೆಸಿದವರನ್ನು ಕೇಳಿ. ಆಳಕ್ಕೆ ಹೋದಷ್ಟೂ ಹಲವು ಕಡೆ ಫ್ಲೋರೈಡ್ ಬರುತ್ತದೆ. ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಮೂಳೆ ಬಿಗಿಯುತ್ತದೆ. ನೆಲದಿಂದ ತೆಗೆದುಕೊಂಡದ್ದಕ್ಕೆ ಲೆಕ್ಕ ಇಟ್ಟಿಲ್ಲ ನಾವು. ಕೆರೆಯ ಹೂಳು ತೆಗೆಯದೆ, ಕೆರೆಗೆ ನೀರು ಬರುವ ಕಾಲುವೆ ಒತ್ತುವರಿ ಮಾಡಿಕೊಂಡು, ಗಂಗಮ್ಮನಿಗೆ ಪೂಜೆ ಮಾಡಿದರೆ ಆ ಋಣ ತೀರುವುದಿಲ್ಲ.

ಹೊಲದಲ್ಲಿ ಸಿಕ್ಕ ರೈತರೊಬ್ಬರು ‘ಇಂಡಾಫ್ ರಾಗಿ’ ಅಂದರು. ಅದನ್ನು ಕೇಳಿ ನನಗೆ ತುಂಬಾ ಸಂತೋಷವಾಯಿತು. ಯಾಕೆಂದರೆ ಆ ರಾಗಿಯನ್ನು ತಯಾರಿಸಿದ ಡಾ. ಲಕ್ಷ್ಮಣಯ್ಯನವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ಅವರು ನಮ್ಮ ದೇಶದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಹೊಸ ತಳಿಗಳನ್ನು ಮಾಡಿದರು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’, ಎರಡೂ ಸೇರಿ ಇಂಡಾಫ್. ರಾಗಿಯ ಹೂವು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು. ತನ್ನ ಪರಾಗದಿಂದ ತಾನೇ ಕಾಳು ಕಟ್ಟುವ ಗಿಡ. ಅದರಲ್ಲಿ ಬೇರೆ ತಳಿಯನ್ನು ಬೆರೆಸುವುದು ಅಂದರೆ ವರ್ಷಗಟ್ಟಲೆ ತಾಳ್ಮೆಯ ಕೆಲಸ. ಅವರ ತಳಿಗಳು ಬಂದ ಮೇಲೆ ಅದೇ ಹೊಲ, ಅದೇ ಮಳೆಯಲ್ಲಿ ರಾಗಿ ಇಳುವರಿ ಬಹಳ ಹೆಚ್ಚಿತು. ಅವರನ್ನು ರೈತರು ‘ರಾಗಿ ಲಕ್ಷ್ಮಣಯ್ಯ’ ಅಂತಲೇ ಕರೆದರು. ಮುದ್ದೆ ಮುರಿಯುವಾಗ ಒಮ್ಮೆಯಾದರೂ ಆ ಹೆಸರು ನಮ್ಮ ಬಾಯಲ್ಲಿ ಬರಬೇಕು.

ತಾಯಂದಿರನ್ನು ಕೇಳಿದಾಗ ಅವರು ನನ್ನ ಮುಖ ನೋಡಿ ನಕ್ಕು ‘ನಿಮ್ಮ ಸೂಜಿನೇ ನರ್ಸಮ್ಮ’ ಅಂದರು. ನನ್ನನ್ನು ಮೆಚ್ಚಿಸಲು ಹಾಗಂದರೋ ಏನೋ, ಆದರೆ ಮಾತು ಸುಳ್ಳಲ್ಲ. ಇಲ್ಲಿರುವ ಐವತ್ತೈದು ದಾಟಿದವರು ನಿಮ್ಮ ರಟ್ಟೆ, ಮುಂಗೈ ನೋಡಿಕೊಳ್ಳಿ. ಗುಂಡಗೆ, ಗುಳಿ ಬಿದ್ದ ಕಲೆ ಇರುತ್ತದೆ. ಸಿಡುಬಿಗೆ ದಾಕು ಹಾಕಿದ ಗುರುತು ಅದು. ನಿಮ್ಮ ಮಕ್ಕಳಿಗೆ ಆ ಕಲೆ ಇಲ್ಲ. ಅವರ ಎಡತೋಳಿನಲ್ಲಿರುವುದು ಕ್ಷಯಕ್ಕೆ ಹಾಕುವ ಬಿಸಿಜಿಯ ಕಲೆ. ಸಿಡುಬಿನ ದಾಕು ಅವರಿಗೆ ಬೇಕಾಗಲೇ ಇಲ್ಲ. 1975ರ ಮೇ ತಿಂಗಳಲ್ಲಿ ನಮ್ಮ ದೇಶದ ಕೊನೆಯ ಸಿಡುಬಿನ ರೋಗಿ ಕಂಡುಬಂದದ್ದು. ಅದೇ ವರ್ಷ ಜೂನಿನಲ್ಲಿ ಈ ಶಾಲೆಯ ಮೊದಲ ಗಂಟೆ ಹೊಡೆದದ್ದು. ಅಂದರೆ ಈ ಶಾಲೆಗೆ ಐವತ್ತು ವರ್ಷ ತುಂಬಿತು ಅನ್ನುವಾಗ, ನಮ್ಮ ದೇಶದಲ್ಲಿ ಸಿಡುಬಿಲ್ಲದ ಐವತ್ತು ವರ್ಷವೂ ತುಂಬಿತು. ಆ ರೋಗ ಹೋದದ್ದು ತಾನಾಗಿ ಅಲ್ಲ. ಕಾರ್ಯಕರ್ತರು ಮನೆ ಮನೆಗೆ ಹೋಗಿ ರೋಗಿಗಳನ್ನು ಹುಡುಕಿದರು, ತೋರಿಸಿದವರಿಗೆ ಬಹುಮಾನ ಕೊಟ್ಟರು, ರೋಗಿಯ ಸುತ್ತಲ ಮನೆಗಳಿಗೆಲ್ಲ ದಾಕು ಹಾಕಿದರು. ಹೀಗೇ ಪೋಲಿಯೋ. 2011ರ ಜನವರಿಯ ನಂತರ ದೇಶದಲ್ಲಿ ಒಂದು ಮಗುವಿಗೂ ಕಾಡುಬಗೆಯ ಪೋಲಿಯೋ ವೈರಸ್ಸಿನಿಂದ ಕಾಲು ಹೋಗಿಲ್ಲ. 2014ರ ಮಾರ್ಚಿನಲ್ಲಿ ಅದಕ್ಕೆ ಪ್ರಮಾಣಪತ್ರವೂ ಸಿಕ್ಕಿತು. ಆ ಎರಡು ಹನಿ ಕೆಡದ ಹಾಗೆ ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ತರುವಾಗ, ನಿಂತ ಜನರ ನಡುವೆ ಡಬ್ಬಿಗೆ ಜಾಗ ಮಾಡಿಕೊಟ್ಟ ಕಂಡಕ್ಟರುಗಳಿಗೂ ಅದರಲ್ಲಿ ಪಾಲಿದೆ.

ಸೂಜಿಗಿಂತ ಸಣ್ಣ ಇನ್ನೊಂದು ವಸ್ತುವನ್ನು ನಾನೇ ಪಟ್ಟಿಗೆ ಸೇರಿಸುತ್ತೇನೆ. ಓಆರ್‌ಎಸ್ ಪೊಟ್ಟಣ. ವಾಂತಿ ಭೇದಿಯಾದ ಮಗು ಸಾಯುವುದು ಮೈಯ ನೀರು, ಉಪ್ಪು ಬರಿದಾಗಿ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಲಕ್ಷಗಟ್ಟಲೆ ಪಶ್ಚಿಮ ಬಂಗಾಳಕ್ಕೆ ಬಂದರು. ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು, ರಕ್ತನಾಳಕ್ಕೆ ಹಾಕುವ ಸಲೈನ್ ಸಾಲಲಿಲ್ಲ. ಡಾ. ದಿಲೀಪ್ ಮಹಾಲನಬಿಸ್ ಎಂಬ ವೈದ್ಯರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರೇ ಕುಡಿಸುವ ಹಾಗೆ ಮಾಡಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಪೊಟ್ಟಣ ಸಿಗದ ಹೊತ್ತಿನಲ್ಲಿ ಏನು ಮಾಡಬೇಕು ಅನ್ನುವುದನ್ನು ಹುಡುಗಿಯರು, ಹುಡುಗರು ಇಬ್ಬರೂ ಬರೆದುಕೊಳ್ಳಿ: ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಅಂದರೆ ಟೀ ಚಮಚ. ಸ್ವಲ್ಪ ಸ್ವಲ್ಪವೇ ಕುಡಿಸುತ್ತ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕೊನೆಗೆ ಮಕ್ಕಳನ್ನು ಕೇಳಿದೆ. ಮೊಬೈಲು ಅನ್ನುತ್ತಾರೆ ಅಂದುಕೊಂಡಿದ್ದೆ. ಕೆಲವರು ಅಂದರು ಕೂಡ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಮಾತ್ರ ಗೆಳತಿಯರೆಲ್ಲ ಹೋಗುವವರೆಗೆ ಕಾದು ನಿಂತು ‘ಸ್ಕೂಲಲ್ಲಿ ಊಟ’ ಅಂದಳು. ಮನೆಯಲ್ಲಿ ಅಮ್ಮ ಬೆಳಿಗ್ಗೆ ಏಳಕ್ಕೇ ಕೂಲಿಗೆ ಹೋಗುತ್ತಾರಂತೆ. ಅವಳು ಹೆಚ್ಚು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬೇಯಿಸಿದ ಊಟವನ್ನೇ ಶಾಲೆಯಲ್ಲಿ ಕೊಡಬೇಕು ಎಂದು ಸುಪ್ರೀಂ ಕೋರ್ಟು ಆದೇಶ ಕೊಟ್ಟದ್ದು 2001ರ ನವೆಂಬರಿನಲ್ಲಿ. ಕರ್ನಾಟಕದಲ್ಲಿ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು. ಮುಂದೆ ಬೇರೆ ಜಿಲ್ಲೆಗಳಿಗೂ ಪ್ರೌಢಶಾಲೆಗಳಿಗೂ ಬಂತು. 2013ರಲ್ಲಿ ಹಾಲು ಸೇರಿತು, ಆಮೇಲೆ ಮೊಟ್ಟೆ ಸೇರಿತು. ನಾವು ಓದುವಾಗ ಮಧ್ಯಾಹ್ನದ ಗಂಟೆ ಹೊಡೆದರೆ ಡಬ್ಬಿ ತಂದವರು ಮರದ ಕೆಳಗೆ, ತರದವರು ಬೋರಿಂಗ್ ಹತ್ತಿರ. ಅವರು ಯಾಕೆ ಅಷ್ಟು ಹೊತ್ತು ನೀರು ಕುಡಿಯುತ್ತಾರೆ ಅಂತ ಯಾರೂ ಕೇಳುತ್ತಿರಲಿಲ್ಲ. ಈಗ ಎಲ್ಲರೂ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ಕೂರುತ್ತಾರೆ. ಯಾರ ಮನೆಯ ಮಗು ಯಾರ ಪಕ್ಕ ಕೂರಬಾರದು ಎಂದು ಒಂದು ಕಾಲಕ್ಕೆ ನಮ್ಮ ಊರು ಲೆಕ್ಕ ಹಾಕುತ್ತಿತ್ತೋ ಆ ಮಕ್ಕಳೆಲ್ಲ ಅಕ್ಕಪಕ್ಕ ಕೂತು ಉಣ್ಣುತ್ತಾರೆ. ಹೊಟ್ಟೆ ತುಂಬಿಸಿದ್ದರ ಜೊತೆಗೆ ಇದೂ ಆ ಊಟ ಮಾಡಿದ ಕೆಲಸ. ಅದನ್ನು ದಿನವೂ ಬೇಯಿಸಿ ಬಡಿಸುವ ನಮ್ಮ ಅಡುಗೆಯ ಅಕ್ಕಂದಿರು ಆ ಮೂಲೆಯಲ್ಲಿ ನಿಂತಿದ್ದಾರೆ. ಅವರಿಗೆ ಸಿಗುವುದನ್ನು ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಧನವಂತೂ ಅಷ್ಟಕ್ಕಷ್ಟೆ. ಗೌರವವನ್ನಾದರೂ ನಾವು ಇವತ್ತು ಕೊಡೋಣ. ಎಲ್ಲರೂ ಒಮ್ಮೆ ಅವರ ಕಡೆ ತಿರುಗಿ ಚಪ್ಪಾಳೆ ತಟ್ಟಿ.

ಹೀಗೆ ಉತ್ತರಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ನೋಡಿದಾಗ ನನಗೆ ಒಂದು ವಿಷಯ ಕಂಡಿತು. ಮಿಲ್ಲು, ಬಲ್ಬು, ನೀರು, ರಾಗಿ, ದಾಕು, ಊಟ. ಇವು ಬಂದ ಹೊಸದರಲ್ಲಿ ಜನ ಕೈಮುಗಿದರು. ಹತ್ತು ವರ್ಷ ಕಳೆದ ಮೇಲೆ ಮರೆತರು. ಅವು ಮೊದಲಿನಿಂದಲೂ ಇದ್ದವು, ಮುಂದೆಯೂ ಇರುತ್ತವೆ ಅಂದುಕೊಂಡರು. ಆದರೆ ಇವುಗಳಲ್ಲಿ ಯಾವುದೂ ಮಳೆಯ ಹಾಗೆ ಆಕಾಶದಿಂದ ಬಿದ್ದದ್ದಲ್ಲ. ಒಬ್ಬರು ಯೋಚಿಸಿದರು, ಹಲವರು ದುಡಿದರು, ಇವತ್ತಿಗೂ ಯಾರೋ ಒಬ್ಬರು ಬೆಳಗಾಗೆದ್ದು ನಡೆಸುತ್ತಿದ್ದಾರೆ. ಅವರು ಕೈಬಿಟ್ಟ ದಿನ ಅದು ನಿಲ್ಲುತ್ತದೆ.

ನಮ್ಮ ಹಳ್ಳಿಗಳಲ್ಲಿ ಧನ್ಯವಾದ ಅನ್ನುವ ಮಾತು ಬಳಕೆಯಲ್ಲಿ ಕಡಿಮೆ. ಮನೆಯಲ್ಲಿ ಅಮ್ಮ ಬಡಿಸಿದಾಗ ಯಾರೂ ಧನ್ಯವಾದ ಹೇಳುವುದಿಲ್ಲ. ಹಾಗೆಂದು ನಮ್ಮ ಜನಕ್ಕೆ ಕೃತಜ್ಞತೆ ಇಲ್ಲ ಅಂತಲ್ಲ. ಅದಕ್ಕೆ ನಮ್ಮಲ್ಲಿರುವ ಮಾತು ‘ಋಣ’. ಅನ್ನದ ಋಣ, ನೀರಿನ ಋಣ, ಮಣ್ಣಿನ ಋಣ. ವರ್ಗವಾಗಿ ಹೋಗುವ ಮೇಷ್ಟ್ರಿಗೆ ‘ಈ ಊರಿನ ನೀರಿನ ಋಣ ಇಷ್ಟೇ ಇತ್ತೇನೋ ಸ್ವಾಮಿ’ ಅನ್ನುತ್ತೇವೆ. ಧನ್ಯವಾದ ಹೇಳಿದರೆ ಅಲ್ಲಿಗೆ ಮುಗಿಯಿತು. ಋಣ ಅಂದರೆ ಕೊಡಬೇಕಾದದ್ದು ಬಾಕಿ ಇದೆ ಅಂತ. ನಮಗೆ ಕೊಟ್ಟವರಿಗೇ ತಿರುಗಿ ಕೊಡಲು ಹೆಚ್ಚಿನ ಸಲ ಆಗುವುದಿಲ್ಲ. ಅವರು ಇರುವುದಿಲ್ಲ, ಇದ್ದರೂ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಋಣವನ್ನು ನಮ್ಮ ಹಿಂದೆ ಬರುವವರಿಗೆ ತೀರಿಸಬೇಕು.

ಈ ಮಾತು ನಮ್ಮ ಶಾಲೆಗೂ ಸಲ್ಲುತ್ತದೆ. ಇದು ಬರುವ ಮೊದಲು ಹೈಸ್ಕೂಲು ಅಂದರೆ ಪೇಟೆಗೆ ಹೋಗಬೇಕಿತ್ತು. ಹುಡುಗರು ನಡೆದೋ, ನೆಂಟರ ಮನೆಯಲ್ಲಿದ್ದೋ ಓದಿದರು. ಹುಡುಗಿಯರಿಗೆ ಏಳನೇ ತರಗತಿಯೇ ಕೊನೆ. ನನ್ನ ಅಕ್ಕ ನನಗಿಂತ ಬುದ್ಧಿವಂತೆ. ಶಾಲೆ ಮೂರು ವರ್ಷ ತಡವಾಗಿ ಬಂದದ್ದರಿಂದ ಅವಳು ಓದಲಿಲ್ಲ, ನಾನು ಓದಿದೆ. ನನಗೆ ಪಿಂಚಣಿ ಬರುತ್ತದೆ, ಅವಳಿಗೆ ಬರುವುದಿಲ್ಲ. ಇಬ್ಬರ ನಡುವೆ ಇರುವ ವ್ಯತ್ಯಾಸ ಈ ಕಟ್ಟಡ ಒಂದೇ. ಇದಕ್ಕೆ ಜಾಗ ಕೊಟ್ಟವರು, ಗಾಡಿಯಲ್ಲಿ ಕಲ್ಲು ಹೊಡೆದವರು, ಕಟ್ಟಡ ಏಳುವವರೆಗೆ ದೇವಸ್ಥಾನದ ಅಂಗಳದಲ್ಲಿ ತರಗತಿ ನಡೆಸಿದ ಮೇಷ್ಟ್ರುಗಳು, ಇವರ ಹೆಸರುಗಳು ಈ ಸಂಚಿಕೆಯ ಬೇರೆ ಪುಟಗಳಲ್ಲಿವೆ. ಅವರಲ್ಲಿ ಹಲವರಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ. ತಾವು ಪಡೆಯದೇ ಇದ್ದದ್ದನ್ನು ಅವರು ನಮಗೆ ಕೊಟ್ಟರು.

ಈಗ ನೋಡಿ. ಅದೇ ಶಾಲೆಯ ಮುಂದೆ ಬೆಳಿಗ್ಗೆ ಎಂಟಕ್ಕೆ ಹಳದಿ ಬಸ್ಸುಗಳು ಬಂದು ನಮ್ಮ ಮೊಮ್ಮಕ್ಕಳನ್ನು ಪೇಟೆಯ ಶಾಲೆಗಳಿಗೆ ತುಂಬಿಕೊಂಡು ಹೋಗುತ್ತವೆ. ಎಂಟನೇ ತರಗತಿಗೆ ಸೇರುವ ಮಕ್ಕಳು ವರ್ಷ ವರ್ಷ ಇಳಿಯುತ್ತಿದ್ದಾರೆ. ನಾನು ಯಾರನ್ನೂ ದೂರುವುದಿಲ್ಲ. ತಂದೆತಾಯಿಗೆ ಮಕ್ಕಳ ಭವಿಷ್ಯದ ಚಿಂತೆ ಇರುತ್ತದೆ. ಆದರೆ ಮಕ್ಕಳಿಲ್ಲ ಎಂದು ಈ ಶಾಲೆಯನ್ನು ಇನ್ನೊಂದಕ್ಕೆ ಸೇರಿಸಿದರೆ, ಬಸ್ಸಿನ ಫೀಜು ಕಟ್ಟಲಾಗದ ಮನೆಯ ಹುಡುಗಿ ಏನಾಗುತ್ತಾಳೆ? ಊಟದ ಬಗ್ಗೆ ಮೆಲ್ಲಗೆ ಹೇಳಿದ ಆ ಒಂಬತ್ತನೇ ತರಗತಿಯ ಹುಡುಗಿಗೆ ನನ್ನ ಅಕ್ಕನ ಗತಿಯೇ ಬರುತ್ತದೆ.

ಆದ್ದರಿಂದ ಸಮಿತಿಯವರ ಮುಂದೆ, ಹಳೆಯ ವಿದ್ಯಾರ್ಥಿಗಳ ಮುಂದೆ ಮೂರು ವಿನಂತಿ ಇಡುತ್ತೇನೆ.

ಮೊದಲನೆಯದು, ಮಹೋತ್ಸವಕ್ಕೆ ಕೂಡಿದ ಹಣದಲ್ಲಿ ಮಹಾದ್ವಾರ ಕಟ್ಟಿಸಿ ದಾನಿಗಳ ಹೆಸರು ಕೆತ್ತಿಸಬೇಕು ಎಂಬ ಮಾತಿದೆ. ದ್ವಾರ ಚೆನ್ನಾಗಿ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಹೆಣ್ಣುಮಕ್ಕಳ ಶೌಚಾಲಯಕ್ಕೆ ದಿನವೂ ನೀರು ಬರುವ ಏರ್ಪಾಡು, ಅದನ್ನು ತೊಳೆಯುವವರಿಗೆ ಸರಿಯಾದ ಕೂಲಿ, ಇದು ಮೊದಲು ಆಗಲಿ. ತಿಂಗಳಲ್ಲಿ ಮೂರು ನಾಲ್ಕು ದಿನ ಹುಡುಗಿಯರು ಶಾಲೆ ತಪ್ಪಿಸುವುದು ಯಾಕೆ ಅಂತ ನರ್ಸಮ್ಮನಾದ ನನಗೆ ಗೊತ್ತಿದೆ. ಅದರ ಮೇಲೆ ನನ್ನ ಹೆಸರು ಬರೆಯುವುದು ಬೇಡ, ನನ್ನ ಪಾಲಿನ ಹಣ ಕೊಡುತ್ತೇನೆ.

ಎರಡನೆಯದು, ಪೇಟೆಯಲ್ಲಿ, ಬೆಂಗಳೂರಿನಲ್ಲಿ, ಹೊರದೇಶದಲ್ಲಿ ಇರುವವರು ವರ್ಷಕ್ಕೆ ಒಂದು ದಿನ ಇಲ್ಲಿಗೆ ಬನ್ನಿ. ಸನ್ಮಾನಕ್ಕಲ್ಲ, ಒಂದು ಪಾಠ ಮಾಡುವುದಕ್ಕೆ. ನೀವು ಮಾಡುವ ಕೆಲಸ ಏನು, ಅಲ್ಲಿಗೆ ಹೇಗೆ ಹೋದಿರಿ ಅಂತ ಮಕ್ಕಳಿಗೆ ಹೇಳಿ.

ಮೂರನೆಯದು ಊರಿನವರಿಗೆ. ಎಸ್‌ಡಿಎಂಸಿ ಸಭೆ ಎಂದು ಕರೆದರೆ ಬನ್ನಿ. ನೀರಿನ ಕಂದಾಯ ಕಟ್ಟಿ. ಕೆರೆ ಹೂಳಿನ ಮಾತು ಗ್ರಾಮಸಭೆಯಲ್ಲಿ ಎತ್ತಿ. ನಿಮ್ಮ ಮನೆಯ ಒಂದು ಮಗುವನ್ನಾದರೂ ಈ ಶಾಲೆಗೆ ಕಳಿಸಿ ನೋಡಿ. ನಮ್ಮ ಮಗು ಇದ್ದ ಕಡೆ ನಮ್ಮ ಕಣ್ಣಿರುತ್ತದೆ. ಕಣ್ಣಿಟ್ಟ ಶಾಲೆ ಕೆಡುವುದಿಲ್ಲ.

ಇದೇ ಅಂಗಳದಲ್ಲಿ ಇನ್ನೊಂದು ಐವತ್ತು ವರ್ಷಕ್ಕೆ ಮತ್ತೆ ಚಪ್ಪರ ಹಾಕುತ್ತಾರೆ ಎಂಬ ನಂಬಿಕೆ ನನಗಿದೆ. ಆಗ ನಾವು ಯಾರೂ ಇರುವುದಿಲ್ಲ. ಆ ದಿನ ಯಾರಾದರೂ ಊರೊಳಗೆ ಹೋಗಿ ‘ಯಾವುದು ದೊಡ್ಡ ಉಪಕಾರ?’ ಅಂತ ಕೇಳಿದರೆ, ನಮ್ಮ ಕಾಲದವರು ಮಾಡಿದ್ದು ಒಂದಾದರೂ ಆ ಪಟ್ಟಿಯಲ್ಲಿರಲಿ.

ಅಡುಗೆಯವರು ಕೈಸನ್ನೆ ಮಾಡುತ್ತಿದ್ದಾರೆ, ಊಟ ತಯಾರಾಗಿದೆ. ಮಕ್ಕಳು ಮೊದಲು ಕೂರಲಿ, ನಾವು ಬಡಿಸೋಣ. 

ಜೈ ಹಿಂದ್, ಜೈ ಕರ್ನಾಟಕ.